ಆನ್‌ರೋಡ್ ಮೊತ್ತ ಬೇಡ, ಬಾಬ್ತುವಾರು ಬರೆದುಕೊಡಿ ಅಂದೆ

2024ರ ಕೊನೆಯಲ್ಲಿ ಮೈಸೂರಿನಲ್ಲಿ 1.2 ಲೀಟರ್‌ನ ಸಣ್ಣ ಪೆಟ್ರೋಲ್ ಕಾರು ಕೊಂಡೆ. ಶೋರೂಮಿನವರು ಆನ್‌ರೋಡ್ (ತೆರಿಗೆ, ನೋಂದಣಿ, ವಿಮೆ ಎಲ್ಲ ಸೇರಿ) ಎಂದು ಒಂದೇ ಮೊತ್ತ ಹೇಳಿದರು. ಅದರ ಮೇಲೆ ಚೌಕಾಸಿಗೆ ಇಳಿದರೆ ಒಂದು ಕಡೆ ಐದು ಸಾವಿರ ಬಿಟ್ಟು ಇನ್ನೊಂದು ಕಡೆ ಏಳು ಸಾವಿರ ಸೇರಿಸುವುದು ಅವರಿಗೆ ಸಲೀಸು. ಹಾಗಾಗಿ ಬಾಬ್ತುವಾರು ಬರೆದು, ಸೀಲ್ ಹಾಕಿ ಕೊಡಿ ಎಂದು ಕೇಳಿದೆ. ಬಿಡಿಸಿ ಬರೆದಾಗ ಯಾವ ದುಡ್ಡು ಯಾರಿಗೆ ಹೋಗುತ್ತದೆ ಎಂದು ಗೊತ್ತಾಗುತ್ತದೆ. ಎಕ್ಸ್‌ಶೋರೂಮ್ ಬೆಲೆ (ಇವೆಲ್ಲ ಸೇರುವ ಮೊದಲಿನ ಕಾರಿನ ಬೆಲೆ) ಕಂಪನಿ ನಿಗದಿ ಮಾಡಿದ್ದು, ತೆರಿಗೆ ಸರ್ಕಾರದ್ದು. ಉಳಿದದ್ದರಲ್ಲಿ ಮಾತಾಡಲು ಜಾಗ ಇದೆ.

ಐದರಿಂದ ಹತ್ತು ಲಕ್ಷದ ಕಾರಿಗೆ ಕರ್ನಾಟಕದಲ್ಲಿ ರಸ್ತೆ ತೆರಿಗೆ 14%, ಅದರ ಮೇಲೆ ಸೆಸ್. ಇದರಲ್ಲಿ ಯಾರೂ ಬಿಡಲಾರರು. ಆದರೆ ನೋಂದಣಿ ಶುಲ್ಕ 600 ರೂಪಾಯಿ, ಸ್ಮಾರ್ಟ್ ಕಾರ್ಡ್ 200, ಸಾಲ ಇದ್ದರೆ ಹೈಪೋಥಿಕೇಶನ್‌ಗೆ (ಆರ್‌ಸಿಯಲ್ಲಿ ಬ್ಯಾಂಕಿನ ಅಡಮಾನ ನಮೂದಿಸಲು) 1,500. ಇವನ್ನೆಲ್ಲ ತೆರಿಗೆಯ ಜೊತೆ ಕೂಡಿದರೂ ಅವರ ‘ಆರ್‌ಟಿಒ’ ಸಾಲಿನ ಮೊತ್ತ ಸಾವಿರಾರು ರೂಪಾಯಿ ಹೆಚ್ಚೇ ಇತ್ತು. “ಸರ್ಕಾರಿ ರಸೀದಿಯಲ್ಲಿ ಎಷ್ಟಿರುತ್ತೋ ಅಷ್ಟು ಕೊಡ್ತೀನಿ” ಅಂದೆ. ಸೇಲ್ಸ್ ಹುಡುಗ ಮ್ಯಾನೇಜರ್ ಹತ್ತಿರ ಹೋಗಿ ತಿದ್ದಿಸಿಕೊಂಡು ಬಂದ. ಗಾಡಿ ತಂದಿಟ್ಟುಕೊಂಡಿದ್ದಕ್ಕೆಂದು ಸೇರಿಸಿದ್ದ ‘ಹ್ಯಾಂಡ್ಲಿಂಗ್ ಚಾರ್ಜ್’ ಕೂಡ ಅದೇ ಹೊತ್ತಿಗೆ ಹೋಯಿತು.

ನನ್ನ ಲೆಕ್ಕದಲ್ಲಿ ಹೆಚ್ಚು ದುಡ್ಡು ಅಡಗಿರುವುದು ವಿಮೆಯಲ್ಲಿ. 1000ದಿಂದ 1500 ಸಿಸಿಯ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ) ಪ್ರೀಮಿಯಂ ಜಿಎಸ್‌ಟಿ ಬಿಟ್ಟು 10,640 ರೂಪಾಯಿ, ಯಾವ ಕಂಪನಿಯಲ್ಲಾದರೂ ಅಷ್ಟೇ. ವ್ಯತ್ಯಾಸ ಬರುವುದು ಓನ್ ಡ್ಯಾಮೇಜ್ (ನಮ್ಮದೇ ಕಾರಿನ ಹಾನಿಯ ವಿಮೆ) ಮತ್ತು ಅದರ ಮೇಲೆ ಸೇರಿಸುವ ಆ್ಯಡ್‌ಆನ್‌ಗಳಲ್ಲಿ. ಹೊರಗಿನಿಂದ ಅದೇ ಐಡಿವಿ (ವಿಮೆಗೆ ಲೆಕ್ಕ ಹಿಡಿಯುವ ಕಾರಿನ ಬೆಲೆ), ಅದೇ ಜೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಆ್ಯಡ್‌ಆನ್) ಇರುವ ಕೊಟೇಶನ್ ತರಿಸಿ ಮುಂದಿಟ್ಟೆ. ಐಡಿವಿ ನೋಡದೆ ಪ್ರೀಮಿಯಂ ಮಾತ್ರ ಹೋಲಿಸಬೇಡಿ, ಐಡಿವಿ ಇಳಿಸಿದರೆ ಪ್ರೀಮಿಯಂ ತಾನಾಗಿಯೇ ಇಳಿಯುತ್ತದೆ. ವಿಮೆ ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನು ಇಲ್ಲ. ಕೊನೆಗೆ ಹೊರಗಿನ ದರಕ್ಕೇ ಅವರೂ ಒಪ್ಪಿದರು.

ಪೂರ್ತಿ ಹಣ ಕಟ್ಟುವ ಮೊದಲು ಯಾರ್ಡಿಗೆ ಹೋಗಿ ನನಗೆ ಕೊಡುವ ಗಾಡಿಯನ್ನೇ ನೋಡಿದೆ. ತಯಾರಾದ ತಿಂಗಳು, ವರ್ಷ ಕಂಪನಿ ಕೊಡುವ ಫಾರಂ 22 ಎಂಬ ಪ್ರಮಾಣಪತ್ರದಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲೂ ನಾಲ್ಕು ಅಂಕಿ ಇರುತ್ತವೆ, 3224 ಅಂದರೆ ಆ ಟೈರ್ ತಯಾರಾದದ್ದು 2024ರ 32ನೇ ವಾರ.

ಬಿಡಿಭಾಗಗಳಿಗೂ ಇದೇ ಕ್ರಮ. ಸರ್ವಿಸ್‌ಗೆ ಬಿಟ್ಟಾಗ ಎಸ್ಟಿಮೇಟ್‌ನಲ್ಲಿ ಎಂಜಿನ್ ಡಿಕಾರ್ಬನೈಸಿಂಗ್ (ಒಳಗಿನ ಮಸಿ ತೆಗೆಯುವುದು), ಎಸಿ ಕ್ಲೀನಿಂಗ್ ಎಂದೆಲ್ಲ ಇದ್ದವು. ಮ್ಯಾನ್ಯುಯಲ್‌ನ ಸರ್ವಿಸ್ ಪಟ್ಟಿ ತೆರೆದು, ಅದರಲ್ಲಿ ಇರುವಷ್ಟನ್ನೇ ಮಾಡಿ ಎಂದು ಹೇಳಿದೆ. ಪ್ರತಿ ಭಾಗದ ಪಾರ್ಟ್ ನಂಬರ್ ಬರೆಸಿಕೊಂಡೆ. ಆ ನಂಬರ್ ಇದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಫೋನ್ ಮಾಡಿಯೂ ದರ ಕೇಳಬಹುದು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18%ಗೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಬ್ರೇಕ್ ಪ್ಯಾಡ್ ಸವೆದಿದೆ, ಬದಲಿಸಬೇಕು ಅಂದರು. ಚಕ್ರ ಬಿಚ್ಚಿಸಿ ಟಾರ್ಚ್ ಹಿಡಿದು ನೋಡಿದರೆ ಪ್ಯಾಡ್ ಇನ್ನೂ ಅರ್ಧಕ್ಕಿಂತ ದಪ್ಪವಿತ್ತು. ಮೆಕ್ಯಾನಿಕ್ ತಾನೇ “ಇನ್ನೂ ಓಡುತ್ತೆ ಸರ್” ಅಂದ. ಏರ್ ಫಿಲ್ಟರ್ ಮಾತ್ರ ಬದಲಿಸಿದರು. ಹಳೆಯದನ್ನು ಹೊಸದರ ಡಬ್ಬಿಯಲ್ಲೇ ಹಾಕಿ ಡಿಕ್ಕಿಯಲ್ಲಿಡಲು ಹೇಳಿದೆ. ಡಬ್ಬಿಯ ಮೇಲಿನ ಎಂಆರ್‌ಪಿಯನ್ನು ಬಿಲ್ಲಿನ ಜೊತೆ ತಾಳೆ ನೋಡಿ ಆಮೇಲೆ ದುಡ್ಡು ಕಟ್ಟಿದೆ.