ವೀಕ್‌ನೆಸ್ ಇಲ್ಲದ ಕಾರ್ಡ್ ಆಟಕ್ಕಿಲ್ಲ: ಮನೆಯಲ್ಲೇ ಮಾಡಿ ಪ್ರಾಣಿ ಕಾರ್ಡ್

ಜಪಾನಿನಲ್ಲಿ 1996ರಲ್ಲಿ ಶುರುವಾದ, ಕಾಲ್ಪನಿಕ ಪ್ರಾಣಿಗಳನ್ನು ಕಾದಾಡಿಸುವ ಪೋಕೆಮಾನ್ ಕಾರ್ಡ್ ಈಗ ನಮ್ಮ ಮಂಗಳೂರು, ಉಡುಪಿಯ ಮಕ್ಕಳ ಸ್ಕೂಲ್ ಬ್ಯಾಗಿನಲ್ಲೂ ಇದೆ. ಪ್ಯಾಕೆಟ್ ಒಡೆದರೆ ಬೇಕಾದ ಕಾರ್ಡೇ ಸಿಗುತ್ತದೆ ಎಂಬ ಖಾತ್ರಿಯಿಲ್ಲ, ದುಡ್ಡು ಮಾತ್ರ ಖಾಲಿ. ಡಿಸಿ ಮಳೆ ರಜೆ ಕೊಟ್ಟ ದಿನ ಮಕ್ಕಳೇ ಕೂತು ಸ್ವಂತ ಕಾರ್ಡ್ ಮಾಡಿಕೊಳ್ಳಬಹುದು.

ಮೊದಲು ಪ್ರಾಣಿ. ಸುತ್ತ ಕಾಣುವ ಎರಡನ್ನು ಸೇರಿಸಿ. ಸಿಡಿಲು, ಏಡಿ ಸೇರಿದರೆ ‘ಸಿಡಿಲೇಡಿ’. ಪಣಂಬೂರಿನ ಕಲ್ಲುಗಳ ಸಂದಿಯಲ್ಲಿ ವಾಸ. ಹಲಸಿನ ಸಿಪ್ಪೆ ಹೊದ್ದ ಆನೆ ‘ಮುಳ್ಳಾನೆ’. ಪಂಜುರ್ಲಿ, ಗುಳಿಗನನ್ನು ಮಾತ್ರ ಇದಕ್ಕೆ ಎಳೆದು ತರಬೇಡಿ. ಅಜ್ಜಿ ಕೈಮುಗಿಯುವ ದೈವಕ್ಕೆ ನಾವು ಅಂಕ ಹಾಕುವುದು ಸರಿಯಲ್ಲ, ಅಲ್ವಾ?

ಆಮೇಲೆ ಬಳಗ. ಮೂರು ಸಾಕು. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಕಾಡನ್ನು ಸುಡುತ್ತದೆ, ಕಾಡು ನೀರನ್ನು ಹೀರುತ್ತದೆ. ಸೋಲುವ ಬಳಗಕ್ಕೆ ಪೆಟ್ಟು ದುಪ್ಪಟ್ಟು. ಈಗಿನ ಪೋಕೆಮಾನ್ ಕಾರ್ಡಿನ ವೀಕ್‌ನೆಸ್ ಲೆಕ್ಕವೂ ಇದೇ.

ಎಡವಟ್ಟಾಗುವುದು ಅಂಕ ಹಾಕುವಾಗ. ಸುಮ್ನೆ ಬಿಟ್ಟರೆ ಮಕ್ಕಳು ಎಲ್ಲದಕ್ಕೂ ಸಾವಿರ ಬರೆಯುತ್ತಾರೆ, ಆಟ ಅಲ್ಲಿಗೇ ಮುಗಿಯಿತು. ಅದಕ್ಕೇ ವೀಕ್‌ನೆಸ್ ಮೊದಲು ಬರೆಸಿ, ಶಕ್ತಿ ಆಮೇಲೆ. ಪ್ರಾಣಿಯ ಜೀವ (ಎಷ್ಟು ಪೆಟ್ಟು ತಿಂದರೆ ಸೋಲುತ್ತದೆ ಎಂಬ ಅಂಕ), ಅದರ ದೊಡ್ಡ ಪೆಟ್ಟು ಎರಡೂ ಸೇರಿ 120 ದಾಟಬಾರದು. ಸಿಡಿಲೇಡಿಗೆ ಜೀವ 70, ಸಿಡಿಲೇಟು 50. ಆದರೆ ಒಮ್ಮೆ ಹೊಡೆದರೆ ಮುಂದಿನ ಸರದಿ ಸುಮ್ಮನಿರಬೇಕು. ಮುಳ್ಳಾನೆಗೆ ಜೀವ 100, ತಿವಿತ ಬರೀ 20.

ಈಗ ಇವೆರಡನ್ನೂ ಆಡಿಸಿ ನೋಡಿ. ಏಡಿ ಮೊದಲು ಹೊಡೆಯಲಿ: ಆನೆಗೆ 50 ಉಳಿಯಿತು. ಆನೆ ಕಾಡಿನದು, ಏಡಿ ನೀರಿನದು. ಹಾಗಾಗಿ ಅದರ 20 ಈಗ 40. ಏಡಿಗೆ ಉಳಿದದ್ದು 30. ಮುಂದಿನ ಸರದಿ ಏಡಿ ಸುಮ್ಮನೆ ಕೂತಿರಬೇಕು, ಆನೆ ಇನ್ನೊಮ್ಮೆ ತಿವಿದರೆ ಕತೆ ಮುಗಿಯಿತು. ಜಾಸ್ತಿ ಪೆಟ್ಟಿನ ಕಾರ್ಡೇ ಸೋತಿತು! ಹೀಗೆ ಆಡಿ ನೋಡುವ ತನಕ ಬಣ್ಣ ಹಚ್ಚಬೇಡಿ, ಪೆನ್ಸಿಲ್ಲೇ ಇರಲಿ.

ಕಾರ್ಡಿನ ಅಳತೆ 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ. ಒಂದು ಎ4 ಹಾಳೆಯಲ್ಲಿ ಒಂಬತ್ತು ಹಿಡಿಯುತ್ತವೆ. ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ಕೇಳಿ. ಇಂಕ್‌ಜೆಟ್ ಬಣ್ಣ ಒದ್ದೆ ಕೈ ತಾಗಿದರೆ ಹರಡಬಹುದು. ದಪ್ಪ ಕಾಗದ ಸಿಗದಿದ್ದರೂ ಚಿಂತೆಯಿಲ್ಲ. ಕಾರ್ಡ್ ಹಾಕಿಡುವ ಪ್ಲಾಸ್ಟಿಕ್ ಕವರ್, ಅಂದರೆ ಸ್ಲೀವ್ ಒಳಗೆ ಹಳೆಯ ಇಸ್ಪೀಟು ಎಲೆ ಇಟ್ಟು, ಅದರ ಮುಂದೆ ನಿಮ್ಮ ಚಿತ್ರ ತೂರಿಸಿ. ಗಟ್ಟಿಯೂ ಆಯಿತು, ಹಿಂದಿನಿಂದ ಇಣುಕಿ ನೋಡಲೂ ಆಗುವುದಿಲ್ಲ.

ನಮ್ಮ ಕರಾವಳಿಯ ತೇವಕ್ಕೆ ಅಂಗಡಿಯ ಹೊಳೆಯುವ ಕಾರ್ಡೂ ಬಾಗುತ್ತದೆ. ಕಾಗದ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಹೊಳೆಯುವ ಪದರ ಹಿಗ್ಗುವುದಿಲ್ಲ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ. ಬಿಗಿ ಮುಚ್ಚಳದ ಡಬ್ಬದಲ್ಲಿ ಕಾರ್ಡಿನ ಜೊತೆ ಹಾಕಿಡಿ. ಅದು ತಿನ್ನುವ ವಸ್ತುವಲ್ಲ. ಚಿಕ್ಕ ಮಕ್ಕಳಿದ್ದರೆ ಡಬ್ಬ ಅಟ್ಟದ ಮೇಲಿರಲಿ.