ಸ್ಪೈನಲ್‌ಗೆ ಅರ್ಧ ಎಂಎಲ್ ಫೆಂಟನಿಲ್

ಅನಸ್ತೇಷಿಯಾ ಕೆಲಸಕ್ಕೆ ಇಳಿದ ಹೊಸತರಲ್ಲಿ ಸಿಸೇರಿಯನ್‌ಗೆ ಬೆನ್ನಿಗೆ ಚುಚ್ಚುವ ಸ್ಪೈನಲ್‌ನಲ್ಲಿ ಕೊಡುತ್ತಿದ್ದದ್ದು ಬರೀ ಹೆವಿ ಬ್ಯುಪಿವಕೇನ್ ಎಂಬ ಮರಗಟ್ಟಿಸುವ ಔಷಧಿ. 2 ಎಂಎಲ್, ಅಂದರೆ 10 ಮಿಲಿಗ್ರಾಂ. ಕಾಲು ಮರಗಟ್ಟುತ್ತಿತ್ತು, ಕೊಯ್ದದ್ದು ಗೊತ್ತಾಗುತ್ತಿರಲಿಲ್ಲ. ತಾಪತ್ರಯ ಶುರುವಾಗುತ್ತಿದ್ದದ್ದು ಮಗು ಬಂದ ಮೇಲೆ. ಹೊಲಿಗೆಗೆ ಅಂತ ಗರ್ಭಕೋಶವನ್ನು ಹೊರಗೆ ತೆಗೆದರೆ ಸಾಕು, ತಾಯಿಯ ಮುಖ ಕಿವುಚಿಕೊಳ್ಳುತ್ತಿತ್ತು. "ಡಾಕ್ಟ್ರೇ, ಒಳಗೆ ಕರುಳು ಹಿಡಿದು ಎಳೆದ ಹಾಗಾಗ್ತಿದೆ." ಹಿಂದೆಯೇ ವಾಕರಿಕೆ. ನಾನು ತಲೆ ಸವರುತ್ತಾ "ಇನ್ನೈದು ನಿಮಿಷ ಅಮ್ಮಾ" ಅನ್ನುತ್ತಿದ್ದೆ. ಐದು ನಿಮಿಷಕ್ಕೆ ಮುಗಿಯಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಡೋಸ್ ಜಾಸ್ತಿ ಮಾಡಿದರೆ ಬಿಪಿ ಬೀಳುತ್ತಿತ್ತು. ಬ್ಯುಪಿವಕೇನ್‌ಗೆ ಭೇದಭಾವ ಇಲ್ಲ. ನೋವಿನ ನರದ ಜೊತೆ ಬಿಪಿ ಹಿಡಿದಿಡುವ ನರವನ್ನೂ ಮಲಗಿಸಿಬಿಡುತ್ತದೆ. ಮಾರ್ಫಿನ್ ಜಾತಿಯ ನೋವಿನ ಔಷಧಿ ಫೆಂಟನಿಲ್ ಕೂರುವ ಜಾಗವೇ ಬೇರೆ: ಬೆನ್ನುಹುರಿಯೊಳಗೆ, ನೋವಿನ ಸುದ್ದಿ ಒಂದು ನರದಿಂದ ಇನ್ನೊಂದಕ್ಕೆ ದಾಟುವ ಕಡೆ. ಬೆನ್ನಿಗೆ ಕೊಡುವ ಇಷ್ಟು ಸಣ್ಣ ಡೋಸ್‌ನಲ್ಲಿ ಅದು ಬಿಪಿಯ ತಂಟೆಗಾಗಲಿ ಕಾಲಿನ ಬಲದ ತಂಟೆಗಾಗಲಿ ಹೆಚ್ಚು ಹೋಗುವುದಿಲ್ಲ. ಬೀಗದ ಕಪಾಟು, ರಿಜಿಸ್ಟರ್, ಸಹಿ ಅಂತ ಒಂದಿಷ್ಟು ರಗಳೆ ಇದ್ದರೂ 25 ಮೈಕ್ರೋಗ್ರಾಂ ಸೇರಿಸತೊಡಗಿದೆ. ಆ ಎಳೆತದ ದೂರು ಬಹಳ ಕಡಿಮೆಯಾಯಿತು.

ಒಂದು ದಿನ ಮಾತ್ರ ಎಡವಿದೆ. 25 ಮೈಕ್ರೋಗ್ರಾಂ ಅಂದರೆ ಅರ್ಧ ಎಂಎಲ್. ಅಳೆಯಲು ಸುಲಭ ಅಂತ ಇನ್ಸುಲಿನ್ ಸಿರಿಂಜ್ ಬಳಸುತ್ತಿದ್ದೆ, 20ನೇ ಗೆರೆವರೆಗೆ ಎಳೆಯುವುದು ಕೈಗೆ ರೂಢಿ. ಅವತ್ತು ಎಳೆದೆ, ಕೊಟ್ಟೆ. ಆದರೂ ತಾಯಿ ಮತ್ತೆ ಅದೇ ಮಾತು ಹೇಳಿದರು. ಟ್ರೇ ನೋಡಿದರೆ ಕಿತ್ತಳೆ ಬಣ್ಣದ ಮುಚ್ಚಳ! ದಿನಾ ಬರುತ್ತಿದ್ದದ್ದು ಕೆಂಪು ಮುಚ್ಚಳದ, ಒಂದು ಎಂಎಲ್‌ಗೆ 40 ಯೂನಿಟ್ ಗುರುತಿನ ಸಿರಿಂಜ್, ಇದು 100 ಯೂನಿಟ್‌ದು. ಇದರಲ್ಲಿ 20ನೇ ಗೆರೆ ಅಂದರೆ 0.2 ಎಂಎಲ್, ಬರೀ 10 ಮೈಕ್ರೋಗ್ರಾಂ. ಕಡಿಮೆ ಹೋಗಿದ್ದಕ್ಕೆ ಬಚಾವ್. ತಪ್ಪು ಸಿಸ್ಟರ್‌ದಲ್ಲ, ನನ್ನದು. ಈಗ ಎಂಎಲ್ ಬರೆದ ಸಿರಿಂಜ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಆಂಪ್ಯೂಲ್ ಮೇಲಿನ ಹೆಸರನ್ನೂ ಜೋರಾಗಿ ಓದುತ್ತೇನೆ. ಓಟಿಯಲ್ಲಿ ನಗುತ್ತಾರೆ, ನಗಲಿ.

ಫೆಂಟನಿಲ್‌ನಿಂದ ಕೆರೆತ ಒಂದು ಇದ್ದೇ ಇದೆ. "ಮೂಗು ಕೆರೀತಿದೆ ಡಾಕ್ಟ್ರೇ, ಔಷಧಿ ಆಗಿಬರಲಿಲ್ವಾ?" ಅಂತ ಎಷ್ಟೋ ಜನ ಗಾಬರಿಯಾಗಿದ್ದಾರೆ. ಈಗ ಸೂಜಿ ಹಾಕುವ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ.

ನಿಜವಾದ ಲಾಭ ಕಂಡದ್ದು ಸೊಂಟದ ಮೂಳೆ ಮುರಿದ ಅಜ್ಜ ಅಜ್ಜಿಯರಲ್ಲಿ. ಬ್ಯುಪಿವಕೇನನ್ನು ಒಂದೂವರೆ ಎಂಎಲ್‌ಗೆ ಇಳಿಸಿ ಫೆಂಟನಿಲ್ ಸೇರಿಸಿದರೆ ಬಿಪಿ ಹಿಂದೆ ಓಡುವ ಕೆಲಸ ಅರ್ಧ ತಪ್ಪುತ್ತದೆ.

ಹಾಗಿದ್ರೆ ಮಾರ್ಫಿನ್ ಯಾಕಿಲ್ಲ ಅಂತ ಜೂನಿಯರ್‌ಗಳು ಕೇಳುತ್ತಾರೆ. ಫೆಂಟನಿಲ್ ಎರಡು ಮೂರು ತಾಸಿನ ಗಿರಾಕಿ. ಮಾರ್ಫಿನ್ ಆದರೆ 100 ಮೈಕ್ರೋಗ್ರಾಂಗೇ ಹೆಚ್ಚುಕಡಿಮೆ ಒಂದು ದಿನ ನೋವು ತಡೆಯುತ್ತದೆ. ಆದರೆ ಉಸಿರು ನಿಧಾನವಾಗುವುದಿದ್ದರೆ ಅದು ಎಷ್ಟೋ ತಾಸಿನ ಮೇಲೂ ಆಗಬಹುದು. ನಾನು ಹೋಗುವ ಆಸ್ಪತ್ರೆಯಲ್ಲಿ ರಾತ್ರಿ ಇಡೀ ವಾರ್ಡಿಗೆ ಇರುವುದು ಒಬ್ಬರೇ ಸಿಸ್ಟರ್.