ಮಳೆಯ ಮೇಲೆ ಹೊರಿಸಿದ ತಪ್ಪು: ಮಲೆನಾಡಿನ ಮನೆಗಳಲ್ಲಿ ಕೇಬಲ್ ಎಳೆದ ಅನುಭವ

"ಮಳೆ ಹಿಡಿದರೆ ಇಂಟರ್ನೆಟ್ ಹೋಗುತ್ತದೆ, ನಮ್ಮ ಕಡೆ ಅದು ಮಾಮೂಲು ಮಾರಾಯರೇ." ತೀರ್ಥಹಳ್ಳಿ, ಹೊಸನಗರ ಸೀಮೆಯಲ್ಲಿ ಯಾವ ಮನೆಗೆ ಕೆಲಸಕ್ಕೆ ಹೋದರೂ ಈ ಮಾತು ಕೇಳುತ್ತೇನೆ. ಆರಿದ್ರ ಮಳೆಗೆ ಒಮ್ಮೆ, ಪುಷ್ಯಕ್ಕೆ ಇನ್ನೊಮ್ಮೆ ದುರಸ್ತಿಯವರನ್ನು ಕರೆಸಿ, ಅವರು ಬರುವಷ್ಟರಲ್ಲಿ ಹೊಳವಾಗಿ, ಎಲ್ಲವೂ ತಾನಾಗಿ ಸರಿಹೋಗಿ, ಜನ ಇದನ್ನು ಊರಿನ ಹಣೆಬರಹವೆಂದು ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಒಪ್ಪಿಲ್ಲ. ಫೈಬರ್ ಕೇಬಲಿನೊಳಗೆ ಹರಿಯುವುದು ಗಾಜಿನ ಎಳೆಯಲ್ಲಿ ಸಾಗುವ ಬೆಳಕು. ಹೊರಗೆ ಎಷ್ಟು ಸುರಿದರೂ ಅದಕ್ಕೆ ಏನೂ ಆಗಬೇಕಾಗಿಲ್ಲ. ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಆಗುಂಬೆಯಲ್ಲಿ ಕೂಡ ನೆಟ್ಟಗೆ ಹಾಕಿದ ಕೇಬಲ್ ಮಳೆಗಾಲ ದಾಟುತ್ತದೆ. ದಾಟದಿದ್ದರೆ ತಪ್ಪು ಮಳೆಯದ್ದಲ್ಲ, ಹಾಕಿದ ಕೈಯದ್ದು.

ಮನೆ ವೈರಿಂಗಿನಿಂದ ಕೆಲಸ ಶುರು ಮಾಡಿದವನು ನಾನು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಮಕ್ಕಳೆಲ್ಲ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ ಮೇಲೆ ಇಂಟರ್ನೆಟ್ ಕೇಬಲ್, ಕ್ಯಾಮೆರಾ ಕೇಬಲ್ ಎಳೆಯುವುದೇ ಹೆಚ್ಚಾಯಿತು. ಕೆಲಸದ ಬಹುಪಾಲು ಬೇರೆಯವರು ಎಳೆದದ್ದನ್ನು ಬಿಚ್ಚಿ ಮತ್ತೆ ಹಾಕುವುದು. ಹೊಸನಗರದ ಕಡೆಯ ಒಂದು ಮನೆಯ ಕೆಲಸವನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ನಮ್ಮ ಕಡೆ ನಡೆಯುವ ತಪ್ಪುಗಳೆಲ್ಲ ಆ ಒಂದೇ ಸೂರಿನಡಿ ಇದ್ದವು. ಮುಂದೆ ಜಂಬಿಟ್ಟಿಗೆ ಗೋಡೆಯ ಹಳೆಯ ಹೆಂಚಿನ ಮನೆ, ಹಿಂದೆ ಹೊಸದಾಗಿ ಕಟ್ಟಿದ ಆರ್‌ಸಿಸಿ ಕೋಣೆಗಳು, ಅಂಗಳದಾಚೆ ಅಡಿಕೆ ಸುಲಿಯುವ ಶೆಡ್. ದೂರು ಮೂರು. ಮಳೆ ಬಂದರೆ ಇಂಟರ್ನೆಟ್ ಇಲ್ಲ. 300 ಎಂಬಿಪಿಎಸ್ ವೇಗದ ಯೋಜನೆಗೆ ಹಣ ಕಟ್ಟಿದರೂ ಮಹಡಿಯ ಕೋಣೆಯಲ್ಲಿ ಮಗಳ ಲ್ಯಾಪ್‌ಟಾಪಿಗೆ 95ರ ಮೇಲೆ ಏರುವುದಿಲ್ಲ. ಶೆಡ್ಡಿನ ಕ್ಯಾಮೆರಾ ಪ್ರತಿ ಬೇಸಿಗೆಯ ಸಿಡಿಲಿಗೆ ಸುಟ್ಟುಹೋಗುತ್ತದೆ.

ನಾನು ಮೊದಲು ನೋಡುವುದು ಕೇಬಲ್ ಮನೆಯೊಳಗೆ ಬರುವ ತೂತನ್ನು. ಇಲ್ಲಿ ಸೂರಿನಿಂದ ಇಳಿದ ಕೇಬಲ್ ಬಿಗಿಯಾಗಿ ನೇರ ತೂತಿಗೆ ಹೊಕ್ಕಿತ್ತು. ತೂತೂ ಒಳಗಡೆಗೆ ಇಳಿಜಾರು. ಹೊರಗೆ ಏಣಿ ಹತ್ತಿ ನಿಂತವನು ಡ್ರಿಲ್ಲನ್ನು ಮೇಲಿನಿಂದ ಒತ್ತಿದರೆ ತೂತು ಹಾಗೆಯೇ ಬೀಳುತ್ತದೆ. ಹೆಂಚಿನ ನೀರು ಕೇಬಲ್ ಹಿಡಿದುಕೊಂಡು ಇಳಿದು, ಗೋಡೆಯನ್ನು ನೆನೆಸಿ, ಒಳಗಿನ ಪುಟ್ಟ ಫೈಬರ್ ಪೆಟ್ಟಿಗೆಗೆ ಸೇರುತ್ತಿತ್ತು. ಮುಚ್ಚಳ ತೆಗೆದಾಗ ತಳದಲ್ಲಿ ಕೆಂಪು ರಾಡಿ, ಕನೆಕ್ಟರಿನ ಮೈಮೇಲೆ ಬೂಸ್ಟು.

ಅಳತೆ ಹಿಡಿದರೆ ಕಥೆ ಸ್ಪಷ್ಟವಾಯಿತು. ಹೊರಗಿನ ಕಂಬದ ಪೆಟ್ಟಿಗೆಯಲ್ಲಿ ಬೆಳಕಿನ ಬಲ ಮೈನಸ್ 20 ಡಿಬಿಎಂ (ಬೆಳಕಿನ ಬಲ ಅಳೆಯುವ ಮಾನ ಇದು, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ). ಒಳಗಿನ ಮೋಡೆಮ್ ಬಳಿ ಮೈನಸ್ 26. ಮೂರು ಡಿಬಿ ಇಳಿಯಿತೆಂದರೆ ಬೆಳಕು ಅರ್ಧವಾಯಿತೆಂದು ಲೆಕ್ಕ. ಅಂದರೆ ಕಿಲೋಮೀಟರುಗಟ್ಟಲೆ ದಾಟಿ ಕಂಬದವರೆಗೆ ಬಂದ ಬೆಳಕಿನಲ್ಲಿ ಮುಕ್ಕಾಲು ಪಾಲು ಈ ಮನೆಯೊಳಗಿನ ಕೆಲವೇ ಮಾರು ಕೇಬಲಿನಲ್ಲಿ ಸೋರಿಹೋಗುತ್ತಿತ್ತು. ಮನೆಗಳಲ್ಲಿ ಸಾಮಾನ್ಯವಾಗಿ ಕೂರಿಸುವ ಜಿಪಿಒಎನ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ವ್ಯವಸ್ಥೆ) ಮೋಡೆಮ್‌ಗೆ ಮೈನಸ್ 27ರವರೆಗೆ ಬೆಳಕು ಸಿಕ್ಕರೆ ಸಾಕು. ಹಾಗಾಗಿ ಒಣ ಹವೆಯಲ್ಲಿ ಅದು ಹೇಗೋ ಅಂಚಿನಲ್ಲಿ ನಿಂತು ಕೆಲಸ ಮಾಡುತ್ತಿತ್ತು, ಕನೆಕ್ಟರ್ ಒದ್ದೆಯಾದೊಡನೆ ಗಡಿ ದಾಟಿ ಕೆಂಪು ದೀಪ ಮಿಣುಕುತ್ತಿತ್ತು. ಮಳೆಗೂ ಇಂಟರ್ನೆಟ್ಟಿಗೂ ಇದ್ದ ಸಂಬಂಧ ಇಷ್ಟೇ.

ಸೋರಿಕೆಗೆ ಕಾರಣ ಎರಡಿದ್ದವು. ಒಂದು, ಹಸಿರು ಕನೆಕ್ಟರನ್ನು ನೀಲಿ ಅಡಾಪ್ಟರಿಗೆ ಒತ್ತಿ ಕೂರಿಸಿದ್ದು. ಎರಡೂ ನೋಡಲು ಒಂದೇ ಆಕಾರ, ಒತ್ತಿದರೆ ಕೂರುತ್ತವೆ. ಆದರೆ ಹಸಿರಿನ ತುದಿ ಎಂಟು ಡಿಗ್ರಿ ಓರೆಯಾಗಿ ಉಜ್ಜಿದ್ದು, ನೀಲಿಯದ್ದು ಹಾಗಲ್ಲ. ನಡುವೆ ಸಂದು ಉಳಿದು ಬೆಳಕು ಚದುರುತ್ತದೆ. ಬಣ್ಣ ಕೊಟ್ಟಿರುವುದೇ ಹೀಗಾಗಬಾರದೆಂದು. ಇನ್ನೊಂದು ಕಾರಣ ಅಟ್ಟದಲ್ಲಿತ್ತು. ಕೆಂಪು ಲೇಸರ್ ಪೆನ್ನನ್ನು ಕೇಬಲಿನ ತುದಿಗೆ ಜೋಡಿಸಿ, ಟಾರ್ಚ್ ಆರಿಸಿ ಅಟ್ಟ ಹತ್ತಿದೆ. ಹೊಗೆ ಹಿಡಿದ ತೊಲೆಯ ಮೂಲೆಯಲ್ಲಿ ಹಳದಿ ಕೇಬಲಿನ ಒಂದು ಬೆರಳಷ್ಟು ಭಾಗ ಕೆಂಡದಂತೆ ಕೆಂಪಗೆ ಹೊಳೆಯುತ್ತಿತ್ತು. ತೊಲೆಯ ಚೂಪು ಅಂಚಿನ ಮೇಲೆ ಮಡಚಿ, ಪ್ಲಾಸ್ಟಿಕ್ ಟೈ ಹಾಕಿ ಕುತ್ತಿಗೆ ಹಿಸುಕಿದಂತೆ ಬಿಗಿದಿದ್ದರು. ಟೈ ಕತ್ತರಿಸಿ ಬಾಗನ್ನು ಅಗಲ ಮಾಡಿದೆ, ಹೊಳಪು ಅಲ್ಲೇ ಆರಿತು. ಈಗ ಬರುವ ಜಿ.657ಎ2 ಜಾತಿಯ ಫೈಬರ್ ಏಳೂವರೆ ಮಿಲಿಮೀಟರ್ ತ್ರಿಜ್ಯದವರೆಗೆ ಬಾಗುತ್ತದೆ, ಹಳೆಯ ಜಿ.652 ಜಾತಿಗೆ 30 ಮಿಲಿಮೀಟರ್ ಬೇಕು. ಯಾವ ಜಾತಿಯದ್ದಾದರೂ ನಾನು ಅಂಗೈ ಅಗಲಕ್ಕಿಂತ ಸಣ್ಣ ಸುತ್ತು ಹಾಕುವುದಿಲ್ಲ. ಮೂಲೆಯಲ್ಲಿ ಕೇಬಲ್ ಚೆಂದ ಕಾಣಲಿ ಎಂದು ತೊಂಬತ್ತು ಡಿಗ್ರಿಗೆ ಮಡಚುವುದೇ ಈ ಕೆಲಸದಲ್ಲಿ ಅತಿ ಹೆಚ್ಚು ಹಾಳುಮಾಡುವ ಅಭ್ಯಾಸ.

ಹೊಸ ತೂತನ್ನು ಒಳಗಿನಿಂದ, ಹೊರಗಡೆಗೆ ಇಳಿಜಾರಾಗುವಂತೆ ಕೊರೆದು, ಒಂದು ತುಂಡು ಪಿವಿಸಿ ಪೈಪು ಕೂರಿಸಿದೆ. ಹೊರಗೆ ಕೇಬಲನ್ನು ತೂತಿಗಿಂತ ಒಂದು ಗೇಣು ಕೆಳಗಿಳಿಸಿ, ಮತ್ತೆ ಮೇಲೆತ್ತಿ ಒಳಗೆ ಬಿಟ್ಟೆ. ನೀರು ಆ ತಗ್ಗಿನ ಬಾಗಿನಲ್ಲೇ ತೊಟ್ಟಿಕ್ಕಿ ನೆಲ ಸೇರುತ್ತದೆ. ಪೈಪಿನ ಬಾಯಿಗೆ ಸಿಲಿಕೋನ್ ತುಂಬಿದ್ದು ಆಮೇಲೆ. ಬಾಗು ಬಿಡದೆ ಸಿಲಿಕೋನನ್ನೇ ನಂಬಿದರೆ ಅದು ಒಂದೆರಡು ಬೇಸಿಗೆಯಲ್ಲಿ ಗೋಡೆ ಬಿಟ್ಟು ಏಳುತ್ತದೆ, ನೀರು ಮತ್ತೆ ಒಳಗೆ. ಪೆಟ್ಟಿಗೆಯಲ್ಲಿದ್ದ ಒತ್ತಿ ಕೂರಿಸುವ ಕನೆಕ್ಟರ್ ತೆಗೆದು ಯಂತ್ರದಲ್ಲಿ ಕಾಯಿಸಿ ಬೆಸುಗೆ ಹಾಕಿದ ಮೇಲೆ ಮೋಡೆಮ್ ಬಳಿ ಮೈನಸ್ 20.6 ತೋರಿಸಿತು.

ಮಹಡಿಯ ಕೋಣೆಯದ್ದು ಬೇರೆಯೇ ರೋಗ. ನೂರಕ್ಕೆ ಸ್ವಲ್ಪ ಕಡಿಮೆಗೆ ವೇಗ ನಿಂತಿತೆಂದರೆ ಇಂಟರ್ನೆಟ್ ಕೊಡುವವರನ್ನು ಬೈಯುವ ಮೊದಲು ಮೋಡೆಮಿನಿಂದ ಕೋಣೆಗೆ ಗೋಡೆಯೊಳಗೆ ಹೋಗುವ ಲ್ಯಾನ್ ಕೇಬಲ್ ನೋಡಬೇಕು. ಅದರಲ್ಲಿ ನಾಲ್ಕು ಜೋಡಿ ತಂತಿ ಇರುತ್ತವೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಅದರ ಮೇಲಿನ ಗಿಗಾಬಿಟ್‌ಗೆ (ಸಾವಿರ ಎಂಬಿಪಿಎಸ್) ನಾಲ್ಕೂ ಬೇಕು. ಇಲ್ಲಿ ಹಿಂದಿನವರು ಒಂದೇ ಕೇಬಲನ್ನು ಸೀಳಿ, ಕಿತ್ತಳೆ ಮತ್ತು ಹಸಿರು ಜೋಡಿಯನ್ನು ಲ್ಯಾಪ್‌ಟಾಪಿಗೂ, ನೀಲಿ ಮತ್ತು ಕಂದು ಜೋಡಿಯನ್ನು ಬಾಲ್ಕನಿಯ ಕ್ಯಾಮೆರಾಕ್ಕೂ ಹಂಚಿದ್ದರು. ಇನ್ನೊಂದು ಕೇಬಲ್ ಎಳೆಯುವ ಶ್ರಮ ಉಳಿಸಲು ಮಾಡಿದ ಕೆಲಸ. ಮನೆಯವರಿಗೆ ಇದನ್ನು ಯಾರೂ ಹೇಳಿರಲಿಲ್ಲ. 300ರ ಹಣ ತಿಂಗಳು ತಿಂಗಳು ಕಟ್ಟುತ್ತಲೇ ಇದ್ದರು.

ಆ ಕೇಬಲಿನ ಒಂದು ತಂತಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ಯಜಮಾನರಿಗೆ ತೋರಿಸಿದೆ. ತಾಮ್ರದ ಬಣ್ಣ ಎದ್ದು ಬಂದು ಒಳಗೆ ಬೆಳ್ಳಿಯಂತೆ ಬಿಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ ಮಾಲು ಅದು. ಪೆಟ್ಟಿಗೆಯ ಮೇಲೆ ಕ್ಯಾಟ್ 6 (ಲ್ಯಾನ್ ಕೇಬಲಿನ ಒಂದು ದರ್ಜೆ) ಎಂದು ಬರೆದಿದ್ದರೂ ಆ ಗುಣಮಟ್ಟ ಕೇಳುವುದು ಅಪ್ಪಟ ತಾಮ್ರವನ್ನು. ಅಲ್ಯೂಮಿನಿಯಂ ತಂತಿಯ ರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು. ಕ್ಯಾಮೆರಾಗಳಿಗೆ ಅದೇ ಕೇಬಲಿನಲ್ಲಿ ವಿದ್ಯುತ್ತನ್ನೂ ಕಳುಹಿಸುವಾಗ ಉದ್ದ ಹೆಚ್ಚಾದಷ್ಟೂ ವೋಲ್ಟೇಜ್ ಬೀಳುತ್ತದೆ, ತಂತಿ ಬೆಚ್ಚಗಾಗುತ್ತದೆ, ರಾತ್ರಿ ಕ್ಯಾಮೆರಾದ ದೀಪ ಹೊತ್ತಿದೊಡನೆ ಚಿತ್ರ ಹೋಗುತ್ತದೆ. ಅಂಗಡಿಯಲ್ಲಿ ಕೇಬಲ್ ಕೊಳ್ಳುವಾಗ ಒಂದು ತುದಿ ಕೆರೆದು ನೋಡಿ. ಕೆರೆಯಲು ಬಿಡದ ಅಂಗಡಿಯಲ್ಲಿ ನಾನು ಕೊಳ್ಳುವುದಿಲ್ಲ.

ತುದಿಗೆ ಕನೆಕ್ಟರ್ ಕಟ್ಟುವಾಗಿನ ತಪ್ಪೂ ಇದೇ ಜಾತಿಯದ್ದು. ಬಣ್ಣಗಳನ್ನು ಸುಮ್ಮನೆ ಜೋಡಿ ಜೋಡಿಯಾಗಿ ಸಾಲು ಹಿಡಿದು ಎರಡೂ ತುದಿಗೆ ಒಂದೇ ರೀತಿ ಕಟ್ಟಿದರೆ ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಹತ್ತುತ್ತವೆ, ಕೆಲಸ ಮುಗಿಯಿತೆಂದು ಹೊರಡುತ್ತಾರೆ. ಆದರೆ ಮೂರನೆಯ ಮತ್ತು ಆರನೆಯ ಪಿನ್ನಿಗೆ ಒಂದೇ ಜೋಡಿಯ ತಂತಿಗಳು ಹೋಗಬೇಕು. ಹೋಗದಿದ್ದರೆ ಒಂದರ ಸಂಕೇತ ಇನ್ನೊಂದರಲ್ಲಿ ಕಲಸುತ್ತದೆ. ತಂತಿಗಳ ಹುರಿಯನ್ನೂ 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಹುರಿ ಇರುವುದು ಅಂದಕ್ಕಲ್ಲ, ಹೊರಗಿನ ಗದ್ದಲವನ್ನು ತಡೆಯುವುದೇ ಆ ಹುರಿ.

ಅದೇ ಗೋಡೆಯಲ್ಲಿ ನನಗೆ ನಿಜಕ್ಕೂ ಸಿಟ್ಟು ಬರಿಸಿದ್ದು ಲ್ಯಾನ್ ಕೇಬಲ್ ಗೀಸರಿನ ತಂತಿಗಳಿದ್ದ ಪೈಪಿನಲ್ಲೇ ಹೋಗಿದ್ದುದು. ಮೈನ್ ಸ್ವಿಚ್ ತೆಗೆದು, ಟೆಸ್ಟರಿನಿಂದ ಖಾತ್ರಿ ಮಾಡಿಕೊಂಡು ಎಳೆದಾಗ ಗೀಸರ್ ತಂತಿಗೆ ನಡುವಲ್ಲಿ ಹಾಕಿದ್ದ ಒಂದು ಗಂಟು ಹೊರಬಂತು. ಅದರ ಮೇಲಿನ ಟೇಪು ಬಿಸಿಗೆ ಅಂಟು ಬಿಟ್ಟು ಸಡಿಲವಾಗಿತ್ತು. ಲ್ಯಾನ್ ಕೇಬಲಿನ ತೆಳು ಹೊದಿಕೆ 230 ವೋಲ್ಟ್ ತಡೆಯಲೆಂದು ಮಾಡಿದ್ದಲ್ಲ. ಆ ಗಂಟು ಅದನ್ನು ತಾಗಿದ್ದರೆ ಲ್ಯಾಪ್‌ಟಾಪ್ ಮುಟ್ಟಿ ಕೂತ ಹುಡುಗಿಯ ಕೈಗೇ ವಿದ್ಯುತ್ ಬರಬಹುದಿತ್ತು. ಈ ತಪ್ಪಿಗೆ ಸಮಜಾಯಿಷಿಯೇ ಇಲ್ಲ. ವಿದ್ಯುತ್ ತಂತಿಗೆ ಒಂದು ಪೈಪು, ಡೇಟಾ ಕೇಬಲಿಗೆ ಬೇರೆ ಪೈಪು, ನಡುವೆ ನಾನು ಒಂದು ಅಡಿ ಅಂತರ ಬಿಡುತ್ತೇನೆ. ಅಡ್ಡ ಹಾಯಲೇಬೇಕಾದ ಕಡೆ ನೇರ ಅಡ್ಡಕ್ಕೆ ಹಾಯಿಸುತ್ತೇನೆ. ಪೈಪಿನೊಳಗೆ ಗಂಟು ಹಾಕಬಾರದು, ಜೋಡಣೆ ಏನಿದ್ದರೂ ಮುಚ್ಚಳ ತೆಗೆದು ನೋಡಬಹುದಾದ ಪೆಟ್ಟಿಗೆಯಲ್ಲಿ. ಗೀಸರಿಗೆ ತುಂಡಿಲ್ಲದ 4 ಚದರ ಮಿಲಿಮೀಟರ್ ತಂತಿ ಹೊಸದಾಗಿ ಎಳೆದು, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದ ಆ ಮನೆಗೆ ಅದನ್ನೂ ಹಾಕಿಸಿದೆ. ಇಂಟರ್ನೆಟ್ ಸರಿಮಾಡಲು ಕರೆದವರಿಗೆ ಈ ಖರ್ಚು ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು. ಯಜಮಾನರು ಹಿಂದೆ ಸರಿಯುತ್ತಿದ್ದರು. ಅಮ್ಮನವರು ಆ ಗಂಟನ್ನು ಕೈಯಲ್ಲಿ ಹಿಡಿದು ನೋಡಿ, "ಮೊದಲು ಇದು ಮಾಡಿ, ಉಳಿದದ್ದು ಆಮೇಲೆ" ಎಂದರು.

ಅಟ್ಟದಲ್ಲಿ ಇಲಿ ಕಡಿದ ಕೇಬಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡಿಕೆ, ಭತ್ತ ಇಟ್ಟ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ, ಕೇಬಲ್ ಪೈಪಿನೊಳಗಿರಬೇಕು. ಅಡಿಕೆ ಮರಕ್ಕೆ ಕೇಬಲ್ ಕಟ್ಟುವುದೂ ಬೇಡ. ಗಾಳಿಗೆ ಮರ ತೂಗಿದಷ್ಟೂ ಕೇಬಲ್ ಎಳೆದಾಡುತ್ತದೆ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಿಗೆ ಮರ ಹತ್ತಲು ಅಡ್ಡ.

ಶೆಡ್ಡಿನ ಕ್ಯಾಮೆರಾ ಮಾತ್ರ ವಿವರವಾಗಿ ಹೇಳಬೇಕಾದದ್ದು. ಅಡಿಕೆ ಕಳ್ಳತನದ ಭಯಕ್ಕೆ ಈಗ ಶೆಡ್ಡು, ಅಂಗಳಕ್ಕೆಲ್ಲ ಕ್ಯಾಮೆರಾ ಬಂದಿವೆ. ಎಲ್ಲರೂ ಮನೆಯಿಂದ ಶೆಡ್ಡಿಗೆ ತಾಮ್ರದ ಲ್ಯಾನ್ ಕೇಬಲನ್ನೇ ಎಳೆಯುತ್ತಾರೆ. ಭರಣಿ, ಕೃತ್ತಿಕೆ ಮಳೆಯ ಗುಡುಗಿನಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ಮನೆಯ ನೆಲಕ್ಕೂ ಶೆಡ್ಡಿನ ನೆಲಕ್ಕೂ ಒಂದು ಕ್ಷಣ ಸಾವಿರಾರು ವೋಲ್ಟುಗಳ ವ್ಯತ್ಯಾಸ ಹುಟ್ಟುತ್ತದೆ, ಆ ತಾಮ್ರದ ತಂತಿ ಅದಕ್ಕೆ ದಾರಿಯಾಗುತ್ತದೆ. ಸಿಡಿಲು ನೇರ ಬಡಿಯಬೇಕೆಂದೇ ಇಲ್ಲ. ಕ್ಯಾಮೆರಾ, ರೆಕಾರ್ಡರ್, ಕೆಲವೊಮ್ಮೆ ಟಿವಿಯೂ ಒಟ್ಟಿಗೆ ಹೋಗುತ್ತವೆ.

ಇಲ್ಲಿ ತಾಮ್ರ ಕಿತ್ತು ಫೈಬರ್ ಹಾಕಿದೆ. ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ಸಂಕೇತಕ್ಕೂ, ಅದನ್ನು ಮತ್ತೆ ಬೆಳಕಿಗೂ ಬದಲಿಸುವ ಪುಟ್ಟ ಪೆಟ್ಟಿಗೆ), ಶೆಡ್ಡಿನ ಕ್ಯಾಮೆರಾಗಳಿಗೆ ವಿದ್ಯುತ್ ಶೆಡ್ಡಿನಿಂದಲೇ. ಒಂದು ಎಚ್ಚರ ಬೇಕು: ಕಂಬದಿಂದ ಮನೆಗೆ ಎಳೆಯುವ ಸಾಧಾರಣ ಡ್ರಾಪ್ ಫೈಬರ್ ಕೇಬಲಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಒಳಗಿನವರೆಗೆ ತಂದರೆ ತಾಮ್ರ ತೆಗೆದೂ ಪ್ರಯೋಜನವಿಲ್ಲ. ನಾರಿನ ಕಡ್ಡಿ ಇರುವ, ಲೋಹವೇ ಇಲ್ಲದ ಕೇಬಲನ್ನು ಕೇಳಿ ತರಿಸಬೇಕು. ಮೆಸ್ಕಾಂ ಲೈನಿನ ದಾರಿಯಾಗಿ ಬರುವ ಸಿಡಿಲಿನ ಹೊಡೆತವನ್ನು ಇದು ತಡೆಯುವುದಿಲ್ಲ. ಅದಕ್ಕೆ ಮೀಟರ್ ಬೋರ್ಡಿನಲ್ಲಿ ಸರ್ಜ್ ರಕ್ಷಕ ಮತ್ತು ಒಳ್ಳೆಯ ಅರ್ಥಿಂಗ್ ಗುಂಡಿ ಬೇಕು, ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕೀಳುವ ಅಭ್ಯಾಸವೂ ಬೇಕು.

ಹೊಸ ಮನೆ ಕಟ್ಟುವವರು ಗಾರೆಯವರು ಬರುವ ಮೊದಲು ನನ್ನಂಥವರನ್ನು ಕರೆಯಲಿ. ಪ್ರತಿ ಗೋಡೆಯ ಪೈಪಿನ ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತೇನೆ, ನೆಲದಿಂದ ಎಷ್ಟು, ಬಾಗಿಲಿನಿಂದ ಎಷ್ಟು ಎಂದು ತಿಳಿಯುವ ಹಾಗೆ. ಎಲ್ಬೋ ಬದಲು ಉದ್ದ ಬೆಂಡ್, ಪ್ರತಿ ಪೈಪಿನಲ್ಲೂ ಮುಂದೆ ಎಳೆಯಲು ಒಂದು ನೈಲಾನ್ ದಾರ. ಆ ಚಿತ್ರಗಳನ್ನು ಮನೆಯವರ ಮೊಬೈಲಿಗೆ ಹಾಕಿ, ಮುದ್ರಿಸಿದ ಒಂದು ಪ್ರತಿಯನ್ನು ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ ಮೇಲೆಯೇ ನಾನು ಕೊನೆಯ ಕಂತಿನ ಹಣ ಕೇಳುವುದು.